60 ಮೀಟರ್ ಆಚೆಗೆ ವೆಲ್ಡಿಂಗ್: 35ರ ಕೇಬಲ್ ಸಾಕೇ, 70 ಬೇಕೇ?

ಪ್ರಶ್ನೆ: ಗೋಣಿಕೊಪ್ಪಲಿನ ಹತ್ತಿರ ಸಣ್ಣ ಫ್ಯಾಬ್ರಿಕೇಶನ್ ಅಂಗಡಿ ನಡೆಸುತ್ತಿದ್ದೇನೆ. ಒಂದು ಕಾಫಿ ತೋಟದಲ್ಲಿ ಪಲ್ಪರ್ ಮನೆಗೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮನೆ) ಕಬ್ಬಿಣದ ಟ್ರಸ್, ಅಂದರೆ ಮಾಡಿನ ಚೌಕಟ್ಟು, ಕೂರಿಸುವ ಕೆಲಸ ಒಪ್ಪಿಕೊಂಡಿದ್ದೇನೆ. ಕರೆಂಟ್ ಇರುವುದು ಮೇಲಿನ ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳು) ಹತ್ತಿರ. ಅಲ್ಲಿಂದ ಕೆಲಸದ ಜಾಗಕ್ಕೆ ಇಳಿಜಾರಿನಲ್ಲಿ 60 ಮೀಟರ್ ಆಗುತ್ತದೆ. 200 ಆಂಪಿಯರ್‌ನ ಸಿಂಗಲ್ ಫೇಸ್ ಇನ್ವರ್ಟರ್ ಮಷಿನನ್ನು ಮೇಲೆಯೇ ಇಟ್ಟು, 25 ಚದರ ಮಿ.ಮೀ. ಕೇಬಲನ್ನು ಕೆಳಗೆ ಎಳೆದುಕೊಂಡರೆ 10 ಗೇಜಿನ ರಾಡ್ ಅಂಟಿಕೊಳ್ಳುತ್ತದೆ, ಆರ್ಕ್ ನಿಲ್ಲುವುದಿಲ್ಲ, ಕೇಬಲ್ ಬಿಸಿಯಾಗುತ್ತದೆ. 35 ಹಾಕಿದರೆ ಸಾಕು ಎಂದು ಒಬ್ಬರು, 70 ಇಲ್ಲದೆ ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಅರ್ತ್ ಕಡೆಗೆ ಸೈಟಿನಲ್ಲಿರುವ ಕಂಬಿಗಳನ್ನೇ ಜೋಡಿಸಿಕೊಂಡರೆ ಒಂದು ಕೇಬಲ್ ಉಳಿಯುತ್ತದಲ್ಲವೇ? ಅಲ್ಯೂಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ತೆಗೆದುಕೊಳ್ಳಬಹುದೇ?

ಉತ್ತರ: ಮಷಿನ್ ಈಗಿರುವ ಜಾಗದಲ್ಲೇ ಇರಬೇಕೆಂದಾದರೆ 70 ಚದರ ಮಿ.ಮೀ. ತಾಮ್ರದ ಕೇಬಲ್ ಬೇಕು, ಅದೂ ರಾಡ್ ಹಿಡಿಯುವ ಹೋಲ್ಡರ್ ಕಡೆಗೆ ಒಂದು, ಕೆಲಸದ ಕಬ್ಬಿಣದಿಂದ ಕರೆಂಟ್ ಮಷಿನಿಗೆ ಮರಳುವ ಅರ್ತ್ ಕಡೆಗೆ ಒಂದು. ಆದರೆ ಮಷಿನನ್ನು ಇಳಿಜಾರಿನ ಅರ್ಧಕ್ಕೆ ತರಲು ಸಾಧ್ಯವಾದರೆ ಅದೇ ಕೆಲಸವನ್ನು 35ರ ಕೇಬಲ್ ಮಾಡುತ್ತದೆ. ಹಾಗಾಗಿ ನಿಮಗೆ ಸಲಹೆ ಕೊಟ್ಟ ಇಬ್ಬರ ಮಾತಿನಲ್ಲೂ ಸತ್ಯವಿದೆ. ಮಷಿನ್ ಎಲ್ಲಿದೆ ಎಂಬುದನ್ನು ಇಬ್ಬರೂ ಕೇಳಲಿಲ್ಲ, ಅಷ್ಟೆ. ಕೇಬಲಿನ ದಪ್ಪವನ್ನು ನಿರ್ಧರಿಸುವ ಮೊದಲು ಮಷಿನಿನ ಜಾಗವನ್ನು ನಿರ್ಧರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣವನ್ನು ಲೆಕ್ಕದ ಸಮೇತ ವಿವರಿಸುತ್ತೇನೆ.

ಕೇಬಲ್ ಎಷ್ಟು ಆಂಪಿಯರ್ ತಡೆಯುತ್ತದೆ ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಕೇವಲ ಬಿಸಿಗೆ ಸಂಬಂಧಪಟ್ಟದ್ದು. ಎಷ್ಟು ಕರೆಂಟ್ ಹರಿದರೆ ಮೇಲಿನ ರಬ್ಬರ್ ಹೊದಿಕೆ ಹಾಳಾಗುವುದಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ದೃಷ್ಟಿಯಿಂದ ನೋಡಿದರೆ ನಿಮ್ಮ 25ರ ಕೇಬಲ್ 120 ಆಂಪಿಯರನ್ನು ಧಾರಾಳವಾಗಿ ಹೊರುತ್ತದೆ, ಮತ್ತು ಮಷಿನಿನಿಂದ ಐದಾರು ಮೀಟರ್ ದೂರದಲ್ಲಿ ಕೆಲಸ ಮಾಡುವಾಗ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ. ದೂರ ಹೆಚ್ಚಿದಂತೆ ಕೇಬಲಿನ ಅಳತೆಯನ್ನು ತೀರ್ಮಾನಿಸುವುದು ಬಿಸಿಯಲ್ಲ, ವೋಲ್ಟೇಜ್ ಡ್ರಾಪ್. ಮಷಿನಿನ ಬಾಯಿಯಲ್ಲಿ ಸಿಗುವ ವೋಲ್ಟೇಜಿನಲ್ಲಿ ಒಂದು ಪಾಲು ಕೇಬಲಿನಲ್ಲೇ ಖರ್ಚಾಗಿ, ಉಳಿದದ್ದು ಮಾತ್ರ ರಾಡಿನ ತುದಿಗೆ ತಲುಪುತ್ತದೆ.

ಇದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಮೀಟರ್ ಉದ್ದದ, ಒಂದು ಚದರ ಮಿ.ಮೀ. ಅಡ್ಡಕೊಯ್ತದ ತಾಮ್ರದ ತಂತಿಯ ರೋಧ 20 ಡಿಗ್ರಿ ಉಷ್ಣತೆಯಲ್ಲಿ ಸುಮಾರು 0.0175 ಓಮ್ ಇರುತ್ತದೆ. ಕೆಲಸದ ವೇಳೆ ಕೇಬಲ್ ಬೆಚ್ಚಗಾಗುವುದರಿಂದ ಅದನ್ನು 0.02 ಎಂದು ಇಟ್ಟುಕೊಳ್ಳುವುದು ವಾಸ್ತವಕ್ಕೆ ಹತ್ತಿರ. ಕೇಬಲಿನ ಒಟ್ಟು ಉದ್ದವನ್ನು ಆಂಪಿಯರಿನಿಂದ ಗುಣಿಸಿ, ಅದನ್ನು 0.02ರಿಂದ ಗುಣಿಸಿ, ಚದರ ಮಿ.ಮೀ. ಅಳತೆಯಿಂದ ಭಾಗಿಸಿದರೆ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂಬುದು ಬರುತ್ತದೆ. ಇಲ್ಲಿ ಒಟ್ಟು ಉದ್ದ ಎಂದರೆ ಹೋಗುವ ದಾರಿ ಮತ್ತು ಬರುವ ದಾರಿ ಎರಡೂ ಸೇರಿದ ಉದ್ದ. ನಿಮ್ಮ 60 ಮೀಟರ್ ದೂರ ಲೆಕ್ಕಕ್ಕೆ ಬಂದಾಗ 120 ಮೀಟರ್ ಆಗುತ್ತದೆ. ಇದನ್ನು ಮರೆತು ಅರ್ಧ ಉದ್ದಕ್ಕೆ ಲೆಕ್ಕ ಹಾಕಿ, ಅರ್ಧ ದಪ್ಪದ ಕೇಬಲ್ ಕೊಂಡವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

10 ಗೇಜ್, ಅಂದರೆ 3.15 ಮಿ.ಮೀ. ರಾಡನ್ನು ನೀವು ಸುಮಾರು 120 ಆಂಪಿಯರಿನಲ್ಲಿ ಓಡಿಸುತ್ತೀರಿ ಎಂದುಕೊಳ್ಳೋಣ. 120 ಮೀಟರ್, 120 ಆಂಪಿಯರ್, 0.02 ಇವುಗಳನ್ನು ಗುಣಿಸಿದರೆ 288 ಬರುತ್ತದೆ. ಈ ಒಂದು ಸಂಖ್ಯೆಯನ್ನು ಕೇಬಲಿನ ಅಳತೆಯಿಂದ ಭಾಗಿಸುತ್ತಾ ಹೋಗಿ. 25ರ ಕೇಬಲಿನಲ್ಲಿ 11.5 ವೋಲ್ಟ್ ನಷ್ಟ, 35ರಲ್ಲಿ 8.2, 50ರಲ್ಲಿ 5.8, 70ರಲ್ಲಿ 4.1 ವೋಲ್ಟ್. ಎರಡೂ ಕೇಬಲ್ ಸೇರಿ ನಷ್ಟ 4 ವೋಲ್ಟಿನ ಆಸುಪಾಸಿನಲ್ಲಿರಬೇಕು ಎಂಬುದು ಈ ವೃತ್ತಿಯಲ್ಲಿ ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಮಿತಿ. ಒಳ್ಳೆಯ ಇನ್ವರ್ಟರ್ ಮಷಿನ್ ಇದ್ದರೆ, ಸಾಮಾನ್ಯ 6013 ರಾಡ್ ಬಳಸುವವರು 6 ವೋಲ್ಟಿನವರೆಗೂ ಹೇಗೋ ನಿಭಾಯಿಸುತ್ತಾರೆ. ಆದರೆ ಟ್ರಸ್ಸಿನ ಮುಖ್ಯ ಜೋಡಣೆಗಳಿಗೆ 7018ರಂತಹ ಲೋ ಹೈಡ್ರೋಜನ್ ರಾಡ್ ಬಳಸುವವರಿಗೆ ಈ ಸಡಿಲಿಕೆಯನ್ನು ನಾನು ಕೊಡುವುದಿಲ್ಲ.

11.5 ವೋಲ್ಟ್ ನಷ್ಟವಾದಾಗ ನಿಮ್ಮ ಮಷಿನಿನಲ್ಲಿ ಏನಾಗುತ್ತಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರಾಡ್ ಅಂಟಿಕೊಳ್ಳುವುದಕ್ಕೂ ಆರ್ಕ್ ಆರುವುದಕ್ಕೂ ಎರಡು ಬೇರೆ ಬೇರೆ ಕಾರಣಗಳಿವೆ. 120 ಆಂಪಿಯರಿನಲ್ಲಿ ಆರ್ಕಿಗೆ ಸುಮಾರು 25 ವೋಲ್ಟ್ ಬೇಕು. ಕೇಬಲಿನ ನಷ್ಟ ಸೇರಿದರೆ ಮಷಿನ್ 36 ವೋಲ್ಟಿಗಿಂತ ಹೆಚ್ಚು ಕೊಡಬೇಕಾಗುತ್ತದೆ. ಇನ್ವರ್ಟರ್ ಮಷಿನ್ ಆಂಪಿಯರನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಪ್ರಯತ್ನಿಸುತ್ತದೆ ನಿಜ, ಆದರೆ ಅದು ಕೊಡಬಲ್ಲ ವೋಲ್ಟೇಜಿಗೂ ಒಂದು ಮಿತಿ ಇದೆ. ಸಣ್ಣ ಮಷಿನುಗಳಲ್ಲಿ ಆ ಮಿತಿ ಬೇಗ ಬರುತ್ತದೆ. ಕೈ ಸ್ವಲ್ಪ ಮೇಲೆದ್ದು ಆರ್ಕ್ ಉದ್ದವಾದ ಕೂಡಲೇ ಅದಕ್ಕೆ ಬೇಕಾದ ಹೆಚ್ಚುವರಿ ವೋಲ್ಟೇಜ್ ಸಿಗದೆ ಆರ್ಕ್ ಆರಿಹೋಗುತ್ತದೆ.

ಇನ್ನು ಅಂಟಿಕೊಳ್ಳುವ ವಿಷಯ. ರಾಡಿನ ತುದಿ ಕೆಲಸಕ್ಕೆ ತೀರಾ ಹತ್ತಿರವಾದಾಗ ಆರ್ಕಿನ ವೋಲ್ಟೇಜ್ ಕುಸಿಯುತ್ತದೆ. ಅದನ್ನು ಗುರುತಿಸಿ ಒಂದು ಕ್ಷಣ ಆಂಪಿಯರ್ ಏರಿಸಿ ರಾಡನ್ನು ಬಿಡಿಸುವ ವ್ಯವಸ್ಥೆ ಇಂದಿನ ಬಹುತೇಕ ಇನ್ವರ್ಟರ್ ಮಷಿನುಗಳಲ್ಲಿದೆ. ಆರ್ಕ್ ಫೋರ್ಸ್ ಎಂದು ಮಷಿನಿನ ಮೇಲೆ ಬರೆದಿರುವುದು ಅದನ್ನೇ. ಆದರೆ ಮಷಿನ್ ವೋಲ್ಟೇಜನ್ನು ಅಳೆಯುವುದು ತನ್ನ ಸಾಕೆಟ್ಟಿನಲ್ಲಿ, ರಾಡಿನ ತುದಿಯಲ್ಲಲ್ಲ. ತುದಿಯಲ್ಲಿ 10 ವೋಲ್ಟಿಗೆ ಇಳಿದಿದ್ದರೂ, ನಡುವಿನ 11.5 ವೋಲ್ಟ್ ಸೇರಿ ಮಷಿನಿಗೆ 21 ವೋಲ್ಟಿಗಿಂತ ಹೆಚ್ಚೇ ಕಾಣಿಸುತ್ತದೆ. ಎಲ್ಲವೂ ಸರಿಯಾಗಿದೆ ಎಂದುಕೊಂಡು ಅದು ಸುಮ್ಮನಿರುತ್ತದೆ, ರಾಡ್ ಅಂಟಿಕೊಳ್ಳುತ್ತದೆ. ಆಂಪಿಯರ್ ಗುಂಡಿಯನ್ನು ಎಷ್ಟು ತಿರುಗಿಸಿದರೂ ಈ ದೋಷ ಹೋಗುವುದಿಲ್ಲ. ಆಂಪಿಯರ್ ಏರಿಸಿದಷ್ಟೂ ಕೇಬಲಿನ ನಷ್ಟವೂ ಏರುತ್ತದೆ. ಸದ್ಯ ನಿಮ್ಮ ಕೇಬಲಿನಲ್ಲಿ ಆರ್ಕ್ ಉರಿಯುತ್ತಿರುವಾಗ ಸುಮಾರು 1.4 ಕಿಲೋವಾಟ್ ಶಕ್ತಿ ಬರೀ ಬಿಸಿಯಾಗಿ ಹೋಗುತ್ತಿದೆ. ನೀವು ಕೈಯಲ್ಲಿ ಮುಟ್ಟಿ ನೋಡುತ್ತಿರುವುದು ಅದನ್ನೇ.

ಒಂದು ಪರೀಕ್ಷೆಯನ್ನು ಈಗಲೇ ಮಾಡಬಹುದು. ಒಬ್ಬರು ವೆಲ್ಡ್ ಮಾಡುತ್ತಿರುವಾಗ ಇನ್ನೊಬ್ಬರು ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಮಷಿನಿನ ಎರಡು ಸಾಕೆಟ್‌ಗಳ ನಡುವೆ ಅಳೆಯಲಿ. ನಂತರ ಹೋಲ್ಡರಿನ ಲೋಹದ ಭಾಗಕ್ಕೂ ಕೆಲಸದ ಕಬ್ಬಿಣಕ್ಕೂ ನಡುವೆ ಅಳೆಯಲಿ. ಎರಡರ ವ್ಯತ್ಯಾಸವೇ ನಿಮ್ಮ ನಿಜವಾದ ಡ್ರಾಪ್. ಅದು ಲೆಕ್ಕದ 11.5ಕ್ಕಿಂತ ಬಹಳ ಹೆಚ್ಚಿದ್ದರೆ ಕೇಬಲ್ ಮಾತ್ರವಲ್ಲ, ಎಲ್ಲೋ ಒಂದು ಜಾಯಿಂಟ್ ಅಥವಾ ಲಗ್ (ಕೇಬಲಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಕೂಡ ಕೆಟ್ಟಿದೆ ಎಂದರ್ಥ. ಮಷಿನ್ ಆರಿಸಿದ ತಕ್ಷಣ ಕೇಬಲಿನುದ್ದಕ್ಕೂ ಕೈ ಆಡಿಸಿಕೊಂಡು ಹೋಗಿ. ಒಂದು ಜಾಗ ಮಾತ್ರ ಉಳಿದ ಭಾಗಕ್ಕಿಂತ ಬಿಸಿಯಾಗಿದ್ದರೆ ದೋಷ ಅಲ್ಲಿದೆ.

ಈಗ ಮಷಿನಿನ ಜಾಗದ ಮಾತಿಗೆ ಬರುತ್ತೇನೆ. ದೂರ ಅರ್ಧವಾದರೆ ಅಷ್ಟೇ ಡ್ರಾಪಿಗೆ ಬೇಕಾದ ಕೇಬಲಿನ ದಪ್ಪವೂ ಅರ್ಧವಾಗುತ್ತದೆ. ಉದ್ದವೂ ಅರ್ಧ, ದಪ್ಪವೂ ಅರ್ಧ ಆದುದರಿಂದ ತಾಮ್ರದ ತೂಕ ಕಾಲು ಭಾಗಕ್ಕೆ ಇಳಿಯುತ್ತದೆ. 70 ಚದರ ಮಿ.ಮೀ. ಕೇಬಲ್ 120 ಮೀಟರ್ ಎಂದರೆ ತಾಮ್ರವೇ ಸುಮಾರು 75 ಕಿಲೋ. ರಬ್ಬರಿನ ತೂಕ ಬೇರೆ. ಇಳಿಜಾರಿನ ತೋಟದಲ್ಲಿ, ಕಾಫಿ ಗಿಡಗಳ ನಡುವೆ ಅದನ್ನು ಹೊತ್ತು ಇಳಿಸುವುದು, ಕೆಲಸ ಮುಗಿದ ಮೇಲೆ ಹತ್ತಿಸುವುದು ಎಂತಹ ಶ್ರಮ ಎಂಬುದು ನಿಮಗೇ ಗೊತ್ತು. ಮಷಿನನ್ನು 30 ಮೀಟರ್ ಕೆಳಗೆ ತಂದರೆ ಎರಡೂ ಕೇಬಲ್ ಸೇರಿ 60 ಮೀಟರ್ ಆಗುತ್ತದೆ. 35ರ ಕೇಬಲಿನಲ್ಲಿ ಡ್ರಾಪ್ ಅದೇ 4.1 ವೋಲ್ಟ್ ಇರುತ್ತದೆ, ತಾಮ್ರ ಮಾತ್ರ ಸುಮಾರು 19 ಕಿಲೋ ಸಾಕು.

ಹಾಗಾದರೆ ಮಷಿನಿಗೆ ಬರುವ 230 ವೋಲ್ಟಿನ ವೈರ್ ಉದ್ದವಾಗುತ್ತದಲ್ಲ ಎಂದು ನೀವು ಕೇಳಬಹುದು. ಉದ್ದವಾಗುತ್ತದೆ, ಆದರೆ ಅಲ್ಲಿ ಕರೆಂಟ್ ಕಡಿಮೆ. 120 ಆಂಪಿಯರ್ ವೆಲ್ಡಿಂಗಿಗೆ ನಿಮ್ಮಂತಹ ಸಿಂಗಲ್ ಫೇಸ್ ಮಷಿನ್ ಲೈನಿನಿಂದ ಸುಮಾರು 23 ಆಂಪಿಯರ್ ಎಳೆಯುತ್ತದೆ. 4 ಚದರ ಮಿ.ಮೀ. ತಾಮ್ರದ ಕೇಬಲಿನಲ್ಲಿ 30 ಮೀಟರ್ ದೂರಕ್ಕೆ ಸುಮಾರು 7 ವೋಲ್ಟ್ ನಷ್ಟವಾಗುತ್ತದೆ. 230ರಲ್ಲಿ ಅದು ಶೇಕಡಾ 3 ಮಾತ್ರ. ಪೂರ್ತಿ 60 ಮೀಟರ್ ಎಳೆಯುವುದಾದರೆ 6 ಚದರ ಮಿ.ಮೀ. ಹಾಕಿ, ನಷ್ಟ ಶೇಕಡಾ 4ರಷ್ಟಾಗುತ್ತದೆ. ಆದರೆ ಈ 23 ಆಂಪಿಯರನ್ನು ಲೈನ್ ಮನೆಯೊಳಗಿನ ಪ್ಲಗ್ ಪಾಯಿಂಟಿನಿಂದ ತೆಗೆದುಕೊಳ್ಳಬೇಡಿ. ಆ ಪ್ಲಗ್ ಹೆಚ್ಚೆಂದರೆ 16 ಆಂಪಿಯರಿನದು, ಗೋಡೆಯೊಳಗಿನ ವೈರಿಂಗ್ ದೀಪ, ಮಿಕ್ಸಿಗೆ ಮಾಡಿದ್ದು. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಮುಖ್ಯ ಬೋರ್ಡಿನಿಂದಲೇ ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆರುವ ಸ್ವಿಚ್) ಹಾಕಿಸಿ ತೆಗೆದುಕೊಳ್ಳಿ. ವೆಲ್ಡ್ ಮಾಡುತ್ತಿರುವಾಗ ಮಷಿನಿನ ಪ್ಲಗ್ಗಿನಲ್ಲಿ ವೋಲ್ಟೇಜ್ ಎಷ್ಟಿದೆ ಎಂಬುದನ್ನೂ ಅಳೆಯಿರಿ. ಕೆಲಸವಿಲ್ಲದಾಗ 225 ತೋರಿಸುವ ಲೈನ್ ಆರ್ಕ್ ಹತ್ತಿದ ಕೂಡಲೇ 190ಕ್ಕೆ ಇಳಿಯುವುದು ತೋಟದ ಕೊನೆಯ ಕಂಬಗಳಲ್ಲಿ ಅಪರೂಪವಲ್ಲ, ಮತ್ತು ಆಗ ವೆಲ್ಡಿಂಗ್ ಕೇಬಲಿಗೆ ಎಷ್ಟು ಹಣ ಸುರಿದರೂ ಪ್ರಯೋಜನವಿಲ್ಲ. ಅಂತಹ ಕಡೆ ಜನರೇಟರನ್ನು ಪಿಕಪ್‌ನಲ್ಲಿ ಕೆಲಸದ ಹತ್ತಿರಕ್ಕೇ ಒಯ್ಯುವುದು ಸೂಕ್ತ. 7.5 ಕೆವಿಎಗಿಂತ ಚಿಕ್ಕದನ್ನು ನಿಮ್ಮ ಕೆಲಸಕ್ಕೆ ನಾನು ಸೂಚಿಸುವುದಿಲ್ಲ. ಆನೆಗಳನ್ನು ತಡೆಯಲು ಕಾಡಂಚಿನಲ್ಲಿ ಹಾಕಿರುವ ರೈಲ್ವೆ ಹಳಿಯ ಬ್ಯಾರಿಕೇಡಿನಂತಹ ಕೆಲಸಕ್ಕೆ ಯಾರೂ ದೂರದ ಮನೆಯಿಂದ ವೆಲ್ಡಿಂಗ್ ಕೇಬಲ್ ಎಳೆಯುವುದಿಲ್ಲ. ಕೆಲಸ ಮುಂದೆ ಹೋದಂತೆ ಮಷಿನೂ ಮುಂದೆ ಹೋಗುತ್ತದೆ. ಕರೆಂಟ್ ಹತ್ತಿರವಿದೆ ಎಂದು ಅನ್ನಿಸುವ ಜಾಗದಲ್ಲೇ ನಾವು ಮಷಿನನ್ನು ಒಂದೇ ಕಡೆ ಇಟ್ಟು ಕಷ್ಟಪಡುತ್ತೇವೆ.

ಇದರಲ್ಲಿ ಒಂದು ಅಪಾಯವಿದೆ, ಅದನ್ನು ಹಗುರವಾಗಿ ಹೇಳಲಾರೆ. ವೆಲ್ಡಿಂಗ್ ಕೇಬಲಿನಲ್ಲಿ ಆರ್ಕ್ ಇಲ್ಲದಾಗ ಇರುವುದು ಸಾಮಾನ್ಯವಾಗಿ 60ರಿಂದ 80 ವೋಲ್ಟ್. ಒದ್ದೆ ಮೈಗೆ ಅದೂ ಅಪಾಯಕಾರಿಯೇ. ಆದರೆ ತೋಟದ ನೆಲದ ಮೇಲೆ 230 ವೋಲ್ಟಿನ ಕೇಬಲ್ ಹಾಸುವುದು ಅದಕ್ಕಿಂತ ಎಷ್ಟೋ ಗಂಭೀರವಾದದ್ದು. ಅಲ್ಲಿ ಕಳೆ ಕೊಚ್ಚುವ ಯಂತ್ರ ಓಡಾಡುತ್ತದೆ, ಕತ್ತಿ ಹಿಡಿದ ಕೆಲಸದವರು ಓಡಾಡುತ್ತಾರೆ, ಮಕ್ಕಳೂ ಬರುತ್ತಾರೆ. ಆದ್ದರಿಂದ ಮೂರು ಕೋರಿನ ರಬ್ಬರ್ ಹೊದಿಕೆಯ ಫ್ಲೆಕ್ಸಿಬಲ್ ಕೇಬಲನ್ನೇ ಬಳಸಿ, ನಡುವೆ ಜಾಯಿಂಟ್ ಇರಬಾರದು, ಮರದ ಗೂಟಗಳ ಮೇಲೆ ತಲೆಗಿಂತ ಎತ್ತರದಲ್ಲಿ ಒಯ್ಯಿರಿ, ಹೊರಡುವ ಜಾಗದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಲೀಕಾದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಮಷಿನಿನ ಕೆಳಗೆ ಒಣ ಹಲಗೆ, ಮೇಲೆ ತಗಡಿನ ಅಥವಾ ಟಾರ್ಪಾಲಿನ ಮಾಡು ಇರಲಿ, ಆದರೆ ಫ್ಯಾನ್ ಗಾಳಿ ಎಳೆಯುವ ಜಾಗ ಮುಚ್ಚಬಾರದು. ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ನಡುವಿನ ತಿಂಗಳು) ಮಳೆಯಲ್ಲಿ ಈ ಏರ್ಪಾಟನ್ನು ಮಾಡಲೇಬೇಡಿ. ಹಣ್ಣು ಕೊಯ್ಲು ಶುರುವಾಗುವ ಮೊದಲು ಪಲ್ಪರ್ ಮನೆ ಸಿದ್ಧವಾಗಬೇಕೆಂಬ ಒತ್ತಡ ತೋಟದ ಮಾಲೀಕರಿಂದ ಬರುವುದು ಸಹಜ. ಮಳೆ ನಿಂತ ಮೇಲೆ ನೆಲ ಒಣಗಲು ಕೆಲವು ದಿನ ಕೊಡಿ ಎಂದು ನೀವು ಅವರಿಗೆ ಸ್ಪಷ್ಟವಾಗಿ ಹೇಳಬೇಕು.

ಅರ್ತ್ ಕಡೆಗೆ ಕಂಬಿ ಜೋಡಿಸುವ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂಬುದೇ. ನಮ್ಮ ಸೈಟುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ತಪ್ಪೆಂದು ಯಾರಿಗೂ ಅನ್ನಿಸುವುದೇ ಇಲ್ಲ. ಕಬ್ಬಿಣದ ರೋಧ ತಾಮ್ರಕ್ಕಿಂತ ಸುಮಾರು 8ರಿಂದ 10 ಪಟ್ಟು ಹೆಚ್ಚು. 12 ಮಿ.ಮೀ. ಕಂಬಿಯ ಅಡ್ಡಕೊಯ್ತ 113 ಚದರ ಮಿ.ಮೀ. ಇದ್ದರೂ ಕೆಲಸದಲ್ಲಿ ಅದು 11ರಿಂದ 14 ಚದರ ಮಿ.ಮೀ. ತಾಮ್ರಕ್ಕೆ ಸಮ. ಅಂದರೆ ನಿಮ್ಮ ಈಗಿನ 25ರ ಕೇಬಲಿಗಿಂತಲೂ ಕಡೆ. ತುಕ್ಕು ಹಿಡಿದ ಎರಡು ಕಂಬಿಗಳನ್ನು ಒಂದರ ಮೇಲೊಂದು ಇಟ್ಟ ಜಾಗದಲ್ಲಿ ಆಗುವ ನಷ್ಟ ಇದರ ಮೇಲೆ ಬರುತ್ತದೆ, ಕಿಡಿ ಹಾರುವುದೂ ಅಲ್ಲೇ. ಒಂದು ಕಡೆಗೆ 70ರ ಕೇಬಲ್ ಹಾಕಿ ಇನ್ನೊಂದು ಕಡೆಗೆ ಕಂಬಿ ಜೋಡಿಸಿದರೆ 70ಕ್ಕೆ ಕೊಟ್ಟ ಹಣ ನೀರಿಗೆ ಹಾಕಿದಂತೆ.

ಪಲ್ಪರ್ ಮನೆಯಲ್ಲಿ ಇನ್ನೂ ಒಂದು ವಿಷಯವಿದೆ. ಅರ್ತ್ ಕ್ಲ್ಯಾಂಪ್ ದೂರದಲ್ಲಿದ್ದರೆ ಅಥವಾ ಸಡಿಲವಾಗಿದ್ದರೆ ವೆಲ್ಡಿಂಗ್ ಕರೆಂಟ್ ತನಗೆ ಸಿಕ್ಕ ದಾರಿಯಲ್ಲಿ ಮರಳುತ್ತದೆ. ಪಲ್ಪರಿನ ಬೇರಿಂಗ್ ಮೂಲಕ ಹೋದರೆ ಬೇರಿಂಗಿನ ಗುಂಡುಗಳ ಮೇಲೆ ಸುಟ್ಟ ಚುಕ್ಕೆಗಳು ಬೀಳುತ್ತವೆ, ಮೋಟಾರಿನ ಅರ್ತ್ ವೈರಿನ ಮೂಲಕ ಹೋದರೆ ಆ ಸಣ್ಣ ವೈರ್ ಒಳಗೇ ಸುಟ್ಟುಹೋಗುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಮುಂದೆ ಎಂದೋ ಮೋಟಾರಿನಲ್ಲಿ ಲೀಕೇಜ್ ಆದ ದಿನ ಅದನ್ನು ಮುಟ್ಟಿದವರಿಗೆ ರಕ್ಷಣೆ ಇರುವುದಿಲ್ಲ. ಆದ್ದರಿಂದ ಅರ್ತ್ ಕೇಬಲನ್ನು ವೆಲ್ಡ್ ಮಾಡುವ ಟ್ರಸ್ಸಿಗೇ, ಜೋಡಣೆಗೆ ಆದಷ್ಟು ಹತ್ತಿರದಲ್ಲಿ, ಬಣ್ಣ ಮತ್ತು ತುಕ್ಕನ್ನು ಗ್ರೈಂಡ್ ಮಾಡಿ ತೆಗೆದ ಜಾಗದಲ್ಲಿ ಕ್ಲ್ಯಾಂಪ್ ಮಾಡಿ.

ಅಲ್ಯೂಮಿನಿಯಂ ಕೇಬಲ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಅದರ ರೋಧ ತಾಮ್ರದ ಸುಮಾರು 1.6 ಪಟ್ಟು. 35ರ ತಾಮ್ರದ ಜಾಗಕ್ಕೆ 70ರ ಅಲ್ಯೂಮಿನಿಯಂ, 70ರ ತಾಮ್ರದ ಜಾಗಕ್ಕೆ 120ರದು ಬೇಕಾಗುತ್ತದೆ. ಹಾಗಿದ್ದೂ ತೂಕ ತಾಮ್ರಕ್ಕಿಂತ ಕಡಿಮೆಯೇ ಇರುತ್ತದೆ, ಇಳಿಜಾರಿನಲ್ಲಿ ಹೊರುವವರಿಗೆ ಅದೊಂದು ಅನುಕೂಲ. ಆದರೆ ಪದೇ ಪದೇ ಸುತ್ತಿ ಬಿಚ್ಚಿದರೆ ಅದರ ಎಳೆಗಳು ಬೇಗ ತುಂಡಾಗುತ್ತವೆ. ತಾಮ್ರದ ಲಗ್ಗಿಗೆ ನೇರವಾಗಿ ಒತ್ತಿದ ಅಲ್ಯೂಮಿನಿಯಂ ನಮ್ಮ ಕೊಡಗಿನ ತೇವದ ಹವೆಯಲ್ಲಿ ಒಂದೇ ಮಳೆಗಾಲದಲ್ಲಿ ಬಿಳಿ ಪುಡಿ ಕಟ್ಟಿಕೊಂಡು ಬಿಸಿಯಾಗತೊಡಗಬಹುದು. ಬೈಮೆಟಾಲಿಕ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ಲಗ್) ಹಾಕಿಸಿ, ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಹಾಸಿಡುವ ಕೆಲಸವಿದ್ದರೆ ಅಲ್ಯೂಮಿನಿಯಂ ಆಗಬಹುದು. ಇಂದು ಇಲ್ಲಿ, ನಾಳೆ ಸಿದ್ದಾಪುರದಲ್ಲಿ ಎಂದು ಕೇಬಲ್ ಸುತ್ತಿಕೊಂಡು ಹೋಗುವ ನಿಮ್ಮಂತಹವರಿಗೆ ತಾಮ್ರವೇ ಸರಿ.

ತಾಮ್ರ ಎಂದು ಕೊಟ್ಟದ್ದೆಲ್ಲ ತಾಮ್ರವಲ್ಲ ಎಂಬುದನ್ನೂ ಹೇಳಬೇಕು. ಒಳಗೆ ಅಲ್ಯೂಮಿನಿಯಂ, ಮೇಲೆ ತೆಳುವಾದ ತಾಮ್ರದ ಲೇಪನವಿರುವ ಎಳೆಗಳ ಕೇಬಲ್ ಮಾರುಕಟ್ಟೆಯಲ್ಲಿದೆ. ಅಳತೆಯಲ್ಲೇ ಕಡಿಮೆ ಇರುವ ಕೇಬಲುಗಳೂ ಇವೆ. ವೆಲ್ಡಿಂಗ್ ಕೇಬಲುಗಳಿಗೆ ಐಎಸ್ 9857 ಎಂಬ ಭಾರತೀಯ ಮಾನಕವಿದೆ. ಹೊದಿಕೆಯ ಮೇಲೆ ಅದರ ಗುರುತು ಇದೆಯೇ ಎಂದು ಮೊದಲು ನೋಡಿ. ಅನಂತರ ತುದಿಯಿಂದ 10 ಸೆಂ.ಮೀ. ಉದ್ದದ ತುಂಡನ್ನು ಕತ್ತರಿಸಿ, ರಬ್ಬರ್ ಪೂರ್ತಿ ಸುಲಿದು, ಎಳೆಗಳನ್ನು ಮಾತ್ರ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 25 ಚದರ ಮಿ.ಮೀ. ನಿಜವಾದ ತಾಮ್ರವಾದರೆ ಸುಮಾರು 22 ಗ್ರಾಂ ಇರಬೇಕು, 35 ಆದರೆ 31, 50 ಆದರೆ 45, 70 ಆದರೆ 63 ಗ್ರಾಂ. ಒಂದೆರಡು ಗ್ರಾಂ ಕಡಿಮೆ ಬಂದರೆ ಚಿಂತೆಯಿಲ್ಲ. 35 ಎಂದು ಕೊಟ್ಟದ್ದು 20 ಗ್ರಾಂ ತೂಗಿದರೆ ಅದು 35 ಅಲ್ಲ. ಎಳೆಯೊಂದನ್ನು ಚಾಕುವಿನಿಂದ ಓರೆಯಾಗಿ ಕೊಯ್ದು ಕೊಯ್ತದ ಮುಖ ನೋಡಿ. ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಹೊರಗೆ ಬೆಳ್ಳಗೆ, ಒಳಗೆ ಕೆಂಪಗೆ ಇದ್ದರೆ ಅದು ತವರ ಲೇಪಿಸಿದ ಒಳ್ಳೆಯ ತಾಮ್ರ. ಅದನ್ನು ಹಿಂದಿರುಗಿಸಬೇಡಿ.

ದಪ್ಪ ಕೇಬಲನ್ನು ಹೋಲ್ಡರಿನವರೆಗೂ ಒಯ್ಯಬೇಕಾಗಿಲ್ಲ. ಏಣಿಯ ಮೇಲೆ ನಿಂತು ಟ್ರಸ್ ವೆಲ್ಡ್ ಮಾಡುವವರ ಮಣಿಕಟ್ಟು ದಪ್ಪ ಕೇಬಲಿನ ಭಾರಕ್ಕೆ ಸೋತುಹೋಗುತ್ತದೆ. ಸ್ಪ್ರಿಂಕ್ಲರ್ ಲೈನಿನಲ್ಲಿ ದಪ್ಪ ಪೈಪು ನೀರನ್ನು ತೋಟದ ಬ್ಲಾಕಿನವರೆಗೆ ತಂದು, ಅಲ್ಲಿಂದ ಸಣ್ಣ ಪೈಪು ಹಂಚುವಂತೆ, ಕೆಲಸದ ಜಾಗದವರೆಗೆ ದಪ್ಪ ಕೇಬಲ್ ತಂದು ಕೊನೆಯ 4 ಮೀಟರಿಗೆ ಮಾತ್ರ ನಿಮ್ಮ ಹಳೆಯ 25ರ ತುಂಡನ್ನು ಕಪ್ಲರ್ ಮೂಲಕ ಜೋಡಿಸಿ. ಅದರಲ್ಲಿ ಆಗುವ ನಷ್ಟ ಅರ್ಧ ವೋಲ್ಟೂ ಇಲ್ಲ. ಮಷಿನ್ ಕಡೆಯಲ್ಲೂ ಇದೇ ಉಪಾಯ ಬೇಕಾಗಬಹುದು, ಏಕೆಂದರೆ ಸಣ್ಣ ಇನ್ವರ್ಟರುಗಳ ಪಿನ್ನಿಗೆ ದಪ್ಪ ಕೇಬಲ್ ತೂರುವುದಿಲ್ಲ. ತೂರಿಸಲೆಂದು ಎಳೆಗಳನ್ನು ಕತ್ತರಿಸಿ ಹಾಕುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಒಂದು ಇಂಚಿನಲ್ಲೇ ಇಡೀ ಕೇಬಲಿನ ಬಿಸಿ ಕೂಡಿಕೊಂಡು ಸಾಕೆಟ್ಟನ್ನು ಸುಡುತ್ತದೆ.

ಮನೆಯಲ್ಲಿ ಈಗಾಗಲೇ 35ರ ಎರಡು ಜೊತೆ ಇದ್ದರೆ, ಒಂದೇ ಉದ್ದದ ಎರಡು ಕೇಬಲುಗಳನ್ನು ಎರಡೂ ತುದಿಯಲ್ಲಿ ಒಳ್ಳೆಯ ಲಗ್ಗಿನಿಂದ ಬೋಲ್ಟ್ ಮಾಡಿ ಸಮಾನಾಂತರವಾಗಿ ಬಳಸಬಹುದು. ಅದು 70ಕ್ಕೆ ಸಮ. 10 ಗೇಜಿನ ಬದಲು 12 ಗೇಜಿನ ರಾಡ್ ಸಾಕಾಗುವ ಕಡೆ ಆಂಪಿಯರ್ 80ಕ್ಕೆ ಇಳಿಯುವುದರಿಂದ ಡ್ರಾಪೂ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಉಳಿದ ಕೇಬಲನ್ನು ಸುರುಳಿ ಸುತ್ತಿದ ಹಾಗೆಯೇ ಬಿಟ್ಟು ಕೆಲಸ ಮಾಡಬೇಡಿ, ಅದರಲ್ಲೂ ಕಬ್ಬಿಣದ ಡ್ರಮ್ಮಿನ ಮೇಲೆ. ಡಿಸಿ ಮಷಿನಿನಲ್ಲಿ ಸುರುಳಿಯ ಒಳಗಿನ ಬಿಸಿ ಹೊರಹೋಗದೆ ರಬ್ಬರ್ ಮೆತ್ತಗಾಗುತ್ತದೆ, ಹಳೆಯ ಎಸಿ ಟ್ರಾನ್ಸ್‌ಫಾರ್ಮರ್ ಮಷಿನಿನಲ್ಲಾದರೆ ಆಂಪಿಯರೇ ಬಿದ್ದುಹೋಗುತ್ತದೆ. ಹೆಚ್ಚಾದ ಉದ್ದವನ್ನು ನೆಲದ ಮೇಲೆ ಅಂಕುಡೊಂಕಾಗಿ ಹಾಸಿ, ಹೋಲ್ಡರ್ ಕೇಬಲನ್ನೂ ಅರ್ತ್ ಕೇಬಲನ್ನೂ ಅಕ್ಕಪಕ್ಕದಲ್ಲೇ ಒಯ್ಯಿರಿ.

ನೀವು ಈಗ ಮಾಡಬೇಕಾದ ಮೊದಲ ಕೆಲಸ ಕೇಬಲ್ ಕೊಳ್ಳುವುದಲ್ಲ. ಲೈನಿನ ವೋಲ್ಟೇಜನ್ನು ಆರ್ಕ್ ಉರಿಯುತ್ತಿರುವಾಗ ಅಳೆಯಿರಿ. ಅದು 210ಕ್ಕಿಂತ ಮೇಲಿದ್ದರೆ ಮಷಿನನ್ನು ಅರ್ಧ ದಾರಿಗೆ ತರುವ ಏರ್ಪಾಟು ಮಾಡಿ, 35ರ ತಾಮ್ರದ ಕೇಬಲನ್ನು 30 ಮೀಟರಿನ ಎರಡು ತುಂಡುಗಳಾಗಿ ಕೊಳ್ಳಿ, ಲಗ್ಗುಗಳನ್ನು ಸುತ್ತಿಗೆಯಿಂದ ಬಡಿಸದೆ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುವವರಿಂದ ಒತ್ತಿಸಿ. 210ಕ್ಕಿಂತ ಕೆಳಗಿದ್ದರೆ ಜನರೇಟರ್ ಬಾಡಿಗೆಯನ್ನು ಸೇರಿಸಿ ತೋಟದ ಮಾಲೀಕರಿಗೆ ಹೊಸ ಅಂದಾಜು ಕೊಡಿ.